ಪಾತ್ರಾ ಬರೂತನಕ ಪೇಟಿ

ಪೇಟಿ ಮಾಸ್ತರರು ನಮ್ಮ ದವಾಖಾನೆಯಲ್ಲಿ ಮೊಟ್ಟಮೊದಲು ಪೇಟಿ ಬಾರಿಸಿದ ದಿನ ರೋಗಿಗಳೆಲ್ಲ ಎದ್ದು ಓಡಿಹೋದರು. ಇವಳಿಗೆ ಇನ್ನು ಹಾಸಿಗೆ ಬಿಟ್ಟು ಏಳುವ ಶಕ್ತಿ ಇಲ್ಲ ಎಂದು ನಾನು ಅಂದು ಮುಂಜಾನೆಯಷ್ಟೇ ಡಾಕ್ಟರರಿಗೆ ಹೇಳಿದ್ದ ಮುದುಕಿ ಎಲ್ಲರಿಗಿಂತ ಮುಂದಿದ್ದಳು. ಅಷ್ಟು ಜನರನ್ನು ಅಷ್ಟು ಬೇಗ ಗುಣಪಡಿಸಿದವರನ್ನು ನನ್ನ ನೌಕರಿಯಲ್ಲಿ ನಾನು ಮತ್ತೆ ಕಾಣಲಿಲ್ಲ.

ಏಕೀಕರಣದ ಹಿಂದುಮುಂದಿನ ವರ್ಷಗಳ ಮಾತು. ನಾನು ಆಗ ರೋಣದಲ್ಲಿ ನರ್ಸು, ಊರಿನವರ ಬಾಯಲ್ಲಿ ಬಾಯಾರು. ದವಾಖಾನೆ ಸರಕಾರದ್ದಲ್ಲ, ಹತ್ತಿ ವ್ಯಾಪಾರದ ಸಾವುಕಾರರೊಬ್ಬರು ತಮ್ಮ ತಾಯಿಯ ನೆನಪಿಗೆಂದು ಹಳೆಯ ಅರಳೆ ಗೋದಾಮಿನಲ್ಲಿ ಮಂಚ ಹಾಕಿಸಿ ತೆರೆದದ್ದು. ಜಂತಿಯ ಸಂದಿಯಲ್ಲಿ ಉಳಿದಿದ್ದ ಅರಳೆ ಗಾಳಿ ಬೀಸಿದಾಗಲೆಲ್ಲ ರೋಗಿಗಳ ಮೇಲೆ ಉದುರುತ್ತಿತ್ತು. ಹೊಸಬರು ಅದನ್ನೂ ಚಿಕಿತ್ಸೆಯ ಒಂದು ಭಾಗವೆಂದು ತಿಳಿದು ಸುಮ್ಮನೆ ಮಲಗಿರುತ್ತಿದ್ದರು. ಈ ಸಾವುಕಾರರು ಒಮ್ಮೆ ವ್ಯಾಪಾರಕ್ಕೆಂದು ಮುಂಬಯಿಗೆ ಹೋದಾಗ, ಅಲ್ಲಿನ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಮನಸ್ಸಿಗೆ ಹಿತವಾಗಲೆಂದು ಪಿಟೀಲು ನುಡಿಸುವುದನ್ನು ನೋಡಿದರು. ಊರಿಗೆ ಬಂದವರೇ, "ನಮ್ಮ ದವಾಖಾನ್ಯಾಗೂ ಸಂಗೀತ ಆಗಬೇಕು" ಎಂದರು. ಡಾಕ್ಟರರು, "ಮೊದಲ ಒಂದ ಪಾಯಖಾನಿ ಆಗಲ್ರಿ" ಎಂದರು. ಸಂಗೀತ ಮೊದಲು ಆಯಿತು.

ಗಜೇಂದ್ರಗಡದಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯೊಂದು ಆಗಷ್ಟೇ ಮುಳುಗಿತ್ತು. ಮಾಲಕ ಪರದೆ ಸುತ್ತಿಕೊಂಡು ಹೋದ. ನಟರು ಬಣ್ಣ ತೊಳೆದುಕೊಂಡು ತಮ್ಮ ತಮ್ಮ ಊರಿಗೆ ಹೋದರು. ಹಾರ್ಮೋನಿಯಂ ಬಾರಿಸುವ ಮಾಸ್ತರರು ಮಾತ್ರ ನೇಕಾರ ಓಣಿಯಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿ ಉಳಿದಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಸಾವುಕಾರರು ಪೇಟಿಯನ್ನೂ ಮಾಸ್ತರರನ್ನೂ ಒಂದೇ ಚಕ್ಕಡಿಯಲ್ಲಿ ಹೇರಿಕೊಂಡು ರೋಣಕ್ಕೆ ತಂದರು.

ತೆಳ್ಳಗಿನ, ನೆಟ್ಟಗಿನ ಮನುಷ್ಯ. ಮೈಮೇಲೆ ಯಾವುದೋ ನಾಟಕದ ದಿವಾನನ ಪಾತ್ರಕ್ಕೆ ಹೊಲಿಸಿದ ಮಖಮಲ್ಲಿನ ಕೋಟು, ಅದರ ಜರಿ ಅರ್ಧ ಉದುರಿತ್ತು. ಚೈತ್ರದ ಬಿಸಿಲಿನಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಕೂತರೆ ಬೆನ್ನನ್ನು ಎಲ್ಲಿಯೂ ತಾಗಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ಗೋಡೆಗೆ ಒರಗಿಕೊಳ್ಳಿರೆಂದು ನಾನು ಹೇಳಿದರೆ, "ಗ್ವಾಡಿಗೆ ಬೆನ್ನ ಹಚ್ಚಿದಂವಾ ತಾಳಾ ತಪ್ಪಸ್ತಾನ್ರಿ ಬಾಯಾರ" ಎನ್ನುತ್ತಿದ್ದರು. ರೊಟ್ಟಿ ತಿನ್ನುವುದಕ್ಕೆ ಯಾವ ತಾಳವೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಉತ್ತರ ಇರುತ್ತಿತ್ತು.

ಆ ಮೊದಲ ದಿನದ ಕತೆ ಹೇಳಬೇಕು. ಅವರು ಶ್ರದ್ಧೆಯಿಂದ ಜಮಖಾನ ಹಾಸಿದರು. ಪೇಟಿಗೆ ಎರಡು ಹೂ ಏರಿಸಿ, ಊದಿನಕಡ್ಡಿ ಹಚ್ಚಿ, ಕೈಮುಗಿದು, ಕಣ್ಣು ಮುಚ್ಚಿ ದೇವರ ಪದವೊಂದನ್ನು ಶುರುಮಾಡಿದರು. ಕೂತದ್ದು ಒಬ್ಬ ಎಣ್ಣೆ ವ್ಯಾಪಾರಿಯ ಮಂಚದ ಪಕ್ಕ. ಆತ ಜ್ವರ ಇಳಿದು ಬೆವರಿ, ಬಿಳಿ ಚಾದರವನ್ನು ತಲೆಯ ತುಂಬ ಹೊದ್ದುಕೊಂಡು ಗಾಢ ನಿದ್ರೆಯಲ್ಲಿದ್ದ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಒಯ್ಯುವತನಕ ಹೆಣದ ಮುಂದೆ ಪೇಟಿ ಇಟ್ಟು ಭಜನೆ ಮಾಡುತ್ತಾರೆ. ಊದಿನಕಡ್ಡಿ, ಹೂವು, ಪೇಟಿ, ತಲೆಯ ಮೇಲೆ ಬಿಳಿ ಬಟ್ಟೆ. ನಮ್ಮ ಜನಕ್ಕೆ ಇನ್ನೇನು ಬೇಕು? ಆಚೀಚೆಯ ಮಂಚದವರು ಎದ್ದು ಕೂತು ಪಾಪ ಪಾಪ ಎನ್ನತೊಡಗಿದರು. ಅಷ್ಟರಲ್ಲಿ ಬುತ್ತಿ ಹಿಡಿದುಕೊಂಡು ಬಂದ ವ್ಯಾಪಾರಿಯ ಹೆಂಡತಿ ಬಾಗಿಲಲ್ಲೇ ಬುತ್ತಿ ಚೆಲ್ಲಿ ಎದೆ ಬಡಿದುಕೊಂಡಳು. ಆ ಗದ್ದಲಕ್ಕೆ ವ್ಯಾಪಾರಿಗೆ ಎಚ್ಚರವಾಯಿತು. ಚಾದರ ಸರಿಸಿ ಊದಿನಕಡ್ಡಿಯನ್ನು ನೋಡಿದ, ಪೇಟಿಯನ್ನು ನೋಡಿದ, ಅಳುತ್ತಿದ್ದ ಹೆಂಡತಿಯನ್ನು ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಯಾವಾಗ ಆತು?" ಎಂದು ಕೇಳಿದ.

ಹೆಣ ಎದ್ದು ಮಾತಾಡಿದ್ದನ್ನು ಕಂಡಮೇಲೆ ಉಳಿದವರು ನಿಲ್ಲುತ್ತಾರೆಯೇ? ಮಾಸ್ತರರು ಪದ ಮುಗಿಸಿ ಕಣ್ಣು ತೆರೆದಾಗ ಇಡೀ ಗೋದಾಮಿನಲ್ಲಿ ಇದ್ದವರು ನಾವಿಬ್ಬರೇ. ನಾನು ಸೊಂಟದ ಮೇಲೆ ಕೈಯಿಟ್ಟು ಅವರ ಮುಂದೆ ನಿಂತಿದ್ದೆ. ನನ್ನ ಸಿಟ್ಟು ಆ ತಾಲೂಕಿಗೇ ಗೊತ್ತಿತ್ತು. ಅವರಿಗೆ ಮಾತ್ರ ಅದು ಕಾಣಿಸಲಿಲ್ಲ. ಖಾಲಿ ಮಂಚಗಳತ್ತ ನೋಡುತ್ತ, "ಮಂಗಳಾ ಆಗೂಕಿಂತ ಮೊದಲ ಎದ್ದ ಹ್ವಾದ್ರಲ್ರಿ ಬಾಯಾರ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮಂಗಳವೆಂದರೆ ನಾಟಕದ ಕೊನೆಗೆ ಎಲ್ಲರೂ ಸೇರಿ ಹಾಡುವ ಪದ. ಅದು ಮುಗಿದರೆ ಆಟ ಮುಗಿಯಿತು, ಪ್ರೇಕ್ಷಕರು ಏಳಬಹುದು. ಅದಕ್ಕಿಂತ ಮೊದಲು ಏಳುವುದು ಕಂಪನಿಗೂ ಅಪಮಾನ, ಎದ್ದವನಿಗೂ ಅಪಮಾನ. ಹಾಗೆಯೇ, ಒಮ್ಮೆ ಶುರುವಾದ ಆಟವನ್ನು ಮಂಗಳ ನುಡಿಸದೆ ಬಿಟ್ಟು ಹೋಗುವುದು ಪೇಟಿ ಮಾಸ್ತರನಾದವನಿಗೆ ದೊಡ್ಡ ತಪ್ಪು. ಈ ಎರಡು ಮಾತುಗಳ ಮೇಲೆ ಅವರ ಇಡೀ ಬದುಕು ನಿಂತಿತ್ತು ಎಂದರೆ ತಪ್ಪಾಗಲಾರದು.

ಮತ್ತೆ ರೋಗಿಗಳು ಒಬ್ಬೊಬ್ಬರಾಗಿ ಬಂದರು. ನಾನು ಮಾಸ್ತರರಿಗೆ ಕಾಯಿದೆ ಹಾಕಿದೆ. ಊದಿನಕಡ್ಡಿ ಇಲ್ಲ, ಹೂವಿಲ್ಲ, ದೇವರ ಪದವಿಲ್ಲ. ಎಲ್ಲಕ್ಕೂ ಒಪ್ಪಿದರು. ಕೊನೆಗೆ ಮಂಗಳವೂ ಇಲ್ಲ ಎಂದಾಗ ಮಾತ್ರ ಬಿಳಿಚಿಕೊಂಡರು. ನಾನು ಹಾಗೆ ಹೇಳಲು ಕಾರಣವಿತ್ತು. ಒಂದು ಸಂಜೆ ಅವರು ಮಂಗಳದ ಮೊದಲ ಸಾಲು ಎತ್ತಿಕೊಂಡದ್ದೇ ತಡ, ಬರೀ ಕೀವು ತುಂಬಿದ ಕುರುವಿಗೆ ಬಂದಿದ್ದ ಆಸಾಮಿಯೊಬ್ಬ ತನ್ನ ಊಟದ ಗಂಗಾಳವನ್ನು ಪಕ್ಕದವನಿಗೆ ದಾನ ಮಾಡಿ ವಿಭೂತಿ ತರಿಸೆಂದು ಹಟ ಹಿಡಿದಿದ್ದ.

"ನನ್ನ ವಾರ್ಡಿನಾಗ ಮಂಗಳಾ ಬಾರಸಬಾರದು. ಇಲ್ಲೆ ಯಾರದೂ ಮುಗಿಯೂದ ಬ್ಯಾಡ" ಎಂದೆ.

"ಬಾಗಲಾ ತಗದಿಟ್ಟ ಮಲಕೊಂಡಂಗ ಆಗತೈತ್ರಿ ಬಾಯಾರ."

"ಆಗಲಿ. ಸೆಕಿ ಕಾಲ ಐತಿ."

ಅವರು ಕಾಯಿದೆ ಮುರಿಯಲಿಲ್ಲ. ಆದರೆ ವಾರವೆಲ್ಲ ತೆರೆದಿಟ್ಟ ಆಟಗಳನ್ನು ಹೊತ್ತುಕೊಂಡು ತಿರುಗುವುದು ಅವರಿಂದ ಆಗಲಿಲ್ಲ. ಸಂತೆಯ ದಿನ ಗಜೇಂದ್ರಗಡದ ಬಸ್ಸು ಹತ್ತಿ, ಅಕ್ಕನ ಮನೆಯ ಕಟ್ಟೆಯ ಮೇಲೆ ಪೇಟಿ ಇಟ್ಟು, ವಾರದ ಬಾಕಿ ಮಂಗಳಗಳನ್ನೆಲ್ಲ ಒಂದಾದಮೇಲೊಂದು ಬಾರಿಸಿ ಹಗುರಾಗಿ ಬರುತ್ತಿದ್ದರು. ಅಲ್ಲಿ ಬೇರೆಯೇ ತೊಂದರೆ. ಆ ಓಣಿಯ ನೇಕಾರರೆಲ್ಲ ನಾಟಕ ನೋಡಿ ಬೆಳೆದವರು. ಮಂಗಳ ಕಿವಿಗೆ ಬಿದ್ದ ಕೂಡಲೇ ಅವರ ಕೈ ತಾನಾಗಿ ನಿಲ್ಲುತ್ತಿತ್ತು, ಮಗ್ಗದಿಂದ ಎದ್ದುಬಿಡುತ್ತಿದ್ದರು. ಮತ್ತೆ ಕೂರುವಷ್ಟರಲ್ಲಿ ಇನ್ನೊಂದು ಮಂಗಳ. ಸೀರೆಗಳು ಮುಗಿಯುವುದಿಲ್ಲವೆಂದು ಅವರು ಅಕ್ಕನಲ್ಲಿ ದೂರಿದರು. ಅಕ್ಕ, "ನನ್ನ ತಮ್ಮಗ ಓಣಿ ಮಂದಿ ವಾರಾ ವಾರಾ ಎದ್ದ ನಿಂತ ಮರ್ಯಾದಿ ಕೊಡತಾರಂತ ನಾ ತಿಳಕೊಂಡಿದ್ದೆ" ಎಂದಳಂತೆ.

ವಾರ್ಡಿನಲ್ಲಿ ಇನ್ನು ಬಾರಿಸುವುದೇನು ಉಳಿಯಿತು? ಪ್ರವೇಶದ ಮಟ್ಟುಗಳು. ಕಂಪನಿ ನಾಟಕದಲ್ಲಿ ಪ್ರತಿಯೊಂದು ಪಾತ್ರ ರಂಗಕ್ಕೆ ಬರುವಾಗಲೂ ಅದರದೇ ಒಂದು ಮಟ್ಟು ಇರುತ್ತದೆ. ರಾಜನಿಗೆ ಬೇರೆ, ರಾಕ್ಷಸನಿಗೆ ಬೇರೆ, ಕುಂಟ ಪೂಜಾರಿಗೆ ಬೇರೆ. ಮಾಸ್ತರರು ರೋಗಿಗಳಿಗೆ ಅವನ್ನು ಹಂಚಿದರು. ಕಾಲು ಮುರಿದವನು ಕೋಲೂರಿಕೊಂಡು ಹೊರಗಿನಿಂದ ಬರುವಾಗ ಸೇನಾಪತಿಯ ಮಟ್ಟು. ಗರ್ಭಿಣಿಯರಿಗೆ ರಾಣಿಯದು. ಆ ಮುದುಕಿಗೆ, ಅವಳೂ ಮರಳಿ ಬಂದಿದ್ದಳು, ಅಪ್ಸರೆಯದು. ಅವಳು ಆ ಮಟ್ಟಿಗಾಗಿಯೇ ದಿನಕ್ಕೆ ಹಲವು ಸಲ ಹೊರಗೆ ಹೋಗಿ ಒಳಗೆ ಬರತೊಡಗಿದಳು. ನಾವು ಕೊಟ್ಟ ಯಾವ ಟಾನಿಕ್ಕೂ ಅವಳನ್ನು ಅಷ್ಟು ನಡೆಸಿರಲಿಲ್ಲ. ಡಾಕ್ಟರರು ಬಾಗಿಲಲ್ಲಿ ಕಾಲಿಟ್ಟರೆ ಕಳ್ಳರ ನಾಯಕನದು. ಅದು ಏನೆಂದು ಅವರಿಗೆ ಗೊತ್ತಿರಲಿಲ್ಲ, ನಾವು ಹೇಳಲೂ ಇಲ್ಲ.

ನನಗೆ ಮಾತ್ರ ಯಾವ ಮಟ್ಟೂ ಇರಲಿಲ್ಲ. ಒಂದು ದಿನ ಹುಸಿನಗುತ್ತ ಕೇಳಿದೆ, "ನನಗ ಪ್ರವೇಶ ಇಲ್ಲೇನ್ರಿ ಮಾಸ್ತರ?"

ಅವರು ನಗಲಿಲ್ಲ. "ನೀವು ಪಾತ್ರಾ ಅಲ್ರಿ ಬಾಯಾರ. ನೀವು ಪರದೆ ಎಳಿಯಾವ್ರು. ಪರದೆ ಎಳಿಯಾವ್ರಿಗೆ ಪ್ರವೇಶ ಇರಂಗಿಲ್ಲ" ಎಂದರು.

ಮಾತು ಚುಚ್ಚಿತು. ಮುಂಜಾನೆಯಿಂದ ಸಂಜೆಯವರೆಗೆ ಆ ಗೋದಾಮಿನಲ್ಲಿ ನನಗಿಂತ ಹೆಚ್ಚು ಸಲ ಒಳಗೆ ಬಂದವರು ಯಾರು? ಆದರೆ ಮಾಸ್ತರರು ಇದ್ದದ್ದನ್ನು ಇದ್ದಂತೆ ಹೇಳುವ ಮನುಷ್ಯ.

ಅವರ ಪೇಟಿಯ ಬಗ್ಗೆಯೂ ಹೇಳಬೇಕು. ಇಲಿ ಕಡಿದು ಅದರ ಗಾಳಿ ತುಂಬುವ ತಿದಿಯಲ್ಲಿ ತೂತು ಬಿದ್ದಿದ್ದವು. ಮಾಸ್ತರರು ನನ್ನ ಕಪಾಟಿನ ಅಂಟುಪಟ್ಟಿಯನ್ನು ಕದ್ದು ಅವಕ್ಕೆ ಹಚ್ಚುತ್ತಿದ್ದರು. ಹಾಗಾಗಿ ಪೇಟಿಯಿಂದ ರಾಗದೊಂದಿಗೆ ಟಿಂಚರಿನ ವಾಸನೆಯೂ ಬರುತ್ತಿತ್ತು. "ಅದು ರೋಗಿಗಳ ಪಟ್ಟಿ" ಎಂದು ನಾನು ಬೈದರೆ, "ಇದಕ್ಕೂ ಗಾಯ ಆಗೈತಲ್ರಿ" ಎನ್ನುತ್ತಿದ್ದರು. ಮಳೆಗಾಲದ ತಂಪಿಗೆ ಒಂದು ಸ್ವರ ತಾನಾಗಿಯೇ ಕೂಗುತ್ತಿತ್ತು. ಅದರ ಪಾಡಿಗೆ ಅದನ್ನು ಕೂಗಲು ಬಿಟ್ಟು ಉಳಿದದ್ದನ್ನು ಸುತ್ತಲೂ ಬಾರಿಸಿಕೊಂಡು ಹೋಗುತ್ತಿದ್ದರು.

ಅವರ ದೊಡ್ಡ ವಿದ್ಯೆಯೆಂದರೆ ಎಳೆಯುವುದು. ಕಂಪನಿಯಲ್ಲಿ ನಟ ಬಣ್ಣದ ಕೋಣೆಯಲ್ಲಿ ಸಿದ್ಧನಾಗದೆ ಇದ್ದರೆ, ಅವನು ಬರುವತನಕ ಪ್ರವೇಶದ ಮಟ್ಟನ್ನೇ ತಿರುಗಿ ಮುರುಗಿ ಬಾರಿಸುತ್ತ ಪ್ರೇಕ್ಷಕರಿಗೆ ತಡವಾದದ್ದು ಗೊತ್ತಾಗದಂತೆ ನೋಡಿಕೊಳ್ಳುವುದು ಪೇಟಿ ಮಾಸ್ತರನ ಕೆಲಸ. ಒಮ್ಮೆ ಭೀಮನ ಪಾತ್ರದವನು ಬಜಾರಿನಲ್ಲಿ ಮಿರ್ಚಿ ತಿನ್ನುತ್ತ ಅಂಗಡಿಯವನೊಂದಿಗೆ ಜಗಳಕ್ಕೆ ಬಿದ್ದು, ಗದೆಯ ಸಮೇತ ಪೊಲೀಸ್ ಚೌಕಿಗೆ ಹೋಗಿದ್ದನಂತೆ. ಬಿಡಿಸಿಕೊಂಡು ಬರುವತನಕ ಮಾಸ್ತರರು ಭೀಮನ ಮಟ್ಟನ್ನು ಎಳೆದರಂತೆ. ಭೀಮ ಕೊನೆಗೆ ಬಂದಾಗ ಜನ ಹೊಡೆದ ಚಪ್ಪಾಳೆಗೆ ಥೇಟರಿನ ತಗಡು ಹಾರಿತಂತೆ. "ಪಾತ್ರಾ ಬರೂತನಕ ಪೇಟಿ ನಿಂದರಬಾರದ್ರಿ ಬಾಯಾರ. ಪೇಟಿ ನಿಂತ್ರ ಮಂದಿ ಏಳತಾರ. ಮಂದಿ ಎದ್ರ ಪಾತ್ರಾ ಬಂದ ಏನ ಮಾಡೂದು?" ಇದು ಅವರ ಮಾತು. ನಾನು ಇದನ್ನು ನಾಟಕದವರ ಬಡಾಯಿ ಎಂದುಕೊಂಡು ಥರ್ಮಾಮೀಟರ್ ಒರೆಸುತ್ತ ಕೇಳುತ್ತಿದ್ದೆ.

ಆ ವರ್ಷ ಮಲಪ್ರಭೆ ಏರಿ ಹೊಳೆಮಣ್ಣೂರಿಗೆ ನೀರು ನುಗ್ಗಿತು. ನೀರು ಬಂದರೆ ಹಾವುಗಳು ಮನೆಯ ಅಟ್ಟ ಹತ್ತುತ್ತವೆ. ಅಲ್ಲಿನ ಗೌಡರೊಬ್ಬರು ಮೇವು ಇಳಿಸಲು ಹೋಗಿ ನಾಗರಹಾವಿನ ಮೇಲೆ ಕಾಲಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಅವರ ತಮ್ಮಂದಿರು ಚಕ್ಕಡಿಯಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದರು. ಭಾರೀ ಆಳು. ಕಾಲು ಊದಿತ್ತು, ಮಾತು ನೆಟ್ಟಗಿತ್ತು.

ಡಾಕ್ಟರರು ಅಂದು ನರಗುಂದದ ತಮ್ಮ ಮನೆಯಲ್ಲಿದ್ದರು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನೂ ಅಲ್ಲಿಯೇ; ನಮ್ಮ ಗೋದಾಮಿನ ಸೆಕೆಗೆ ಕೆಡುತ್ತದೆಂದು ಅವರು ಅದನ್ನು ತಮ್ಮ ಮನೆಯ ತಂಪಾದ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ನಾನು ಪೋಸ್ಟಿಗೆ ಓಡಿ ತಾರು ಹೊಡೆಸಿದೆ. ನಡುವೆ ಬೆಣ್ಣೆಹಳ್ಳ ತುಂಬಿತ್ತು. ಡಾಕ್ಟರರು ಬರಬಹುದು, ಬರದೆಯೂ ಇರಬಹುದು.

ಮರಳಿ ಬಂದಾಗ ತಮ್ಮಂದಿರು ಗೌಡರನ್ನು ಮತ್ತೆ ಚಕ್ಕಡಿಗೆ ಏರಿಸಲು ನಿಂತಿದ್ದರು. ಸೂಡಿಯಲ್ಲಿ ವಿಷ ಇಳಿಸುವ ಮಂತ್ರಗಾರನೊಬ್ಬನಿದ್ದಾನೆಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಗೌಡರನ್ನು ಆ ರಸ್ತೆಯಲ್ಲಿ ಕುಲುಕಿಸಿಕೊಂಡು ಒಯ್ದರೆ ವಿಷ ಬೇಗ ಏರುತ್ತದೆ, ಡಾಕ್ಟರರು ಬಂದರೂ ಬಂದದ್ದು ವ್ಯರ್ಥವಾಗುತ್ತದೆ. ನಾನು ಅಡ್ಡ ನಿಂತೆ.

"ಬಾಯಾರ, ಸರೀರಿ. ಡಾಕ್ಟರಿಲ್ಲ, ಔಷಧಿಲ್ಲ. ಇಲ್ಲೆ ನಿಮ್ಮ ಮಾರಿ ನೋಡಕೋತ ಕೂಡ್ರಲೇನು ನಮ್ಮಣ್ಣಾ?" ಎಂದ ಒಬ್ಬ ತಮ್ಮ. ನ್ಯಾಯವಾದ ಮಾತು. ಆದರೂ ನಾನು ಸರಿಯಲಿಲ್ಲ.

ಆಗ ಗೌಡರ ಕಣ್ಣು ಮೂಲೆಯಲ್ಲಿ ಕೂತಿದ್ದ ಮಖಮಲ್ಲಿನ ಕೋಟಿನ ಮೇಲೆ ಬಿತ್ತು. "ನೀವು ಆ ಕಂಪನಿ ಪೇಟಿ ಮಾಸ್ತರ ಅಲ್ಲೇನ್ರಿ? ಗಜೇಂದ್ರಗಡದಾಗ ಮುಂದಿನ ಕುರ್ಚಿ ನಂದ ಇರತಿತ್ತು."

"ಗೊತ್ತೈತ್ರಿ ಗೌಡ್ರ. ಮಂಗಳಾ ಮುಗಿಯೂತನಕ ನೀವು ಒಂದ ದಿನಾನೂ ಎದ್ದಾವ್ರಲ್ಲ" ಎಂದರು ಮಾಸ್ತರರು. ಎಂದವರು ನನ್ನನ್ನೊಮ್ಮೆ ನೋಡಿ, ತಿದಿ ಎಳೆದು ನಾಂದಿ ಶುರುಮಾಡಿಬಿಟ್ಟರು.

ನಾಂದಿಯೆಂದರೆ ನಾಟಕದ ಮೊದಲ ಪದ. ಚಕ್ಕಡಿಯ ಕಡೆಗೆ ಅರ್ಧ ಎತ್ತಲ್ಪಟ್ಟಿದ್ದ ಗೌಡರು ಕೈ ಅಡ್ಡ ಹಿಡಿದರು. "ಇಳಸ್ರಿ ನನ್ನ. ಆಟಾ ಚಾಲೂ ಆತು."

"ಅಣ್ಣಾ, ನಿನಗ ಹಾವು ಕಡದೈತಿ" ಎಂದ ತಮ್ಮ.

"ನನಗ ಕಡದೈತಿ, ಮಾಸ್ತರಿಗೇನ ಕಡದಿಲ್ಲಲ್ಲ. ನಡುವ ಎದ್ದ ಹ್ವಾದಾ ಅಂತ ಅನಿಸಿಕೊಳ್ಳಲೇನು? ಮಂಗಳಾ ಆಗಲಿ. ಆಮ್ಯಾಲೆ ಸೂಡಿಗೆ ಒಯ್ಯಿರಿ, ಎಲ್ಲಿಗೆ ಬೇಕಾದಲ್ಲಿಗೆ ಒಯ್ಯಿರಿ."

ಗೌಡರ ಮಾತಿಗೆ ಆ ಮನೆಯಲ್ಲಿ ಎದುರುಮಾತು ಇರಲಿಲ್ಲ. ತಮ್ಮಂದಿರು ಅವರನ್ನು ಮಂಚದ ಮೇಲೆ ಇಳಿಸಿ ಮಂಗಳಕ್ಕೆ ಕಾಯುತ್ತ ಕೂತರು. ನಾನು ಇತ್ತ ಡಾಕ್ಟರರಿಗೆ ಕಾಯುತ್ತ ಕೂತೆ. ಒಬ್ಬ ಮನುಷ್ಯನ ಜೀವ ಈಗ ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂಬುದರ ಮೇಲೆ ನಿಂತಿತ್ತು.

ನಾಂದಿ ಮುಗಿಯಿತು. ಮಾಸ್ತರರು ರಾಜನ ಪ್ರವೇಶದ ಮಟ್ಟು ಹಿಡಿದರು. ಹಿಡಿದವರು ಬಿಡಲಿಲ್ಲ. ಏರಿಸಿದರು, ಇಳಿಸಿದರು, ರಾಜ ಇನ್ನೇನು ಬಂದೇಬಿಟ್ಟ ಎನ್ನುವಲ್ಲಿ ತಂದು ನಿಲ್ಲಿಸಿ ಮತ್ತೆ ಮೊದಲಿಗೆ ಹೋದರು. ಕಾಲು ಮುರಿದವನು ತನ್ನ ಪ್ಲಾಸ್ಟರಿನ ಮೇಲೆ ತಾಳ ಹಾಕತೊಡಗಿದ.

"ರಾಜಾ ಯಾಕ ಬರವಲ್ಲಾ?" ಎಂದರು ಗೌಡರು.

"ಬಣ್ಣಾ ಹಚ್ಚಕೊಳ್ಳಾಕತ್ತಾನ್ರಿ."

ಹೊತ್ತು ಇಳಿಯಿತು. "ಇಷ್ಟೊತ್ತಾತು, ಇನ್ನೂ ಬಣ್ಣಾ?"

"ಮೀಸಿ ಹತ್ತವಲ್ದ್ರಿ. ಇವತ್ತ ಅಂಟು ಚಲೋ ಇಲ್ಲ."

"ಎಂಥಾ ಕಂಪನಿರಿ ನಿಮ್ಮದು" ಎಂದು ಗೌಡರು ಬೇಸರಪಟ್ಟುಕೊಂಡರು.

ಅಷ್ಟರಲ್ಲಿ ಅವರ ರೆಪ್ಪೆಗಳು ಇಳಿಯತೊಡಗಿದ್ದವು. ಅದು ನಿದ್ದೆಯಲ್ಲ, ವಿಷ, ನನಗೆ ಗೊತ್ತಿತ್ತು. ಮಾತು ತೊದಲಿತು. ಹಾವು ಕಡಿದವನು ನಿದ್ದೆ ಹೋಗಬಾರದೆಂದು ಹಳ್ಳಿಯಲ್ಲಿ ಡೊಳ್ಳು ಬಾರಿಸಿ ಎಚ್ಚರ ಇಡುತ್ತಾರೆ. ಅದರಿಂದ ವಿಷ ಇಳಿಯುವುದಿಲ್ಲವೆಂದು ನಾನು ಧಾರವಾಡದಲ್ಲಿ ಕಲಿತಿದ್ದೆ. ಆ ಹೊತ್ತಿನಲ್ಲಿ ನಾನು ಕಲಿತದ್ದನ್ನೆಲ್ಲ ಬದಿಗಿಟ್ಟು, ಪೇಟಿ ನಿಲ್ಲದಿರಲೆಂದು ಬೇಡಿಕೊಂಡೆ.

ತೇವಕ್ಕೆ ತಿದಿಯ ಅಂಟುಪಟ್ಟಿ ಬಿಚ್ಚಿಕೊಂಡಿತು. ಪೇಟಿ ಬುಸ್ಸೆಂದಿತು. ನಾನು ಮಂಚಕ್ಕೂ ಪೇಟಿಗೂ ನಡುವೆ ಕೂತು, ಒಂದು ಕೈಯಲ್ಲಿ ಗೌಡರ ನಾಡಿ ಹಿಡಿದು, ಇನ್ನೊಂದು ಅಂಗೈಯಿಂದ ತಿದಿಯ ತೂತನ್ನು ಒತ್ತಿ ಹಿಡಿದೆ. ಅತ್ತ ಉಸಿರು, ಇತ್ತಲೂ ಉಸಿರು. ಎರಡೂ ನನ್ನ ಕೈಯಲ್ಲಿ ಕ್ಷೀಣಿಸುತ್ತಿದ್ದವು. ನನಗೆ ಅಳು ಬಂದಿತ್ತು, ಕಣ್ಣೊರೆಸಲು ಕೈ ಇರಲಿಲ್ಲ.

"ಮಾಸ್ತರ, ಸಾಕ್ರಿ. ಮಂಗಳಾ ಹಚ್ಚಿಬಿಡ್ರಿ. ನಾ ಹೋಗತೀನಿ" ಎಂದರು ಗೌಡರು. ಸೂಡಿಗೆ ಎಂದು ಅವರು ಹೇಳಲಿಲ್ಲ.

ಮಾಸ್ತರರ ಬೆರಳುಗಳು ಒಂದು ಕ್ಷಣ ತಡೆದವು. ಆ ವಾರ್ಡಿನಲ್ಲಿ ಕೂತು ಮಂಗಳ ನುಡಿಸಬೇಕೆಂದು ಅವರು ಎಷ್ಟು ಹಂಬಲಿಸಿದ್ದರೆಂದು ನನಗಲ್ಲದೆ ಯಾರಿಗೆ ಗೊತ್ತು? ಈಗ ಕೇಳುವವನೇ ಬಾಯಿಬಿಟ್ಟು ಕೇಳುತ್ತಿದ್ದ.

"ರಾಜಾ ಬರದ ಮಂಗಳಾ ಹ್ಯಾಂಗ ಹಚ್ಚಲ್ರಿ ಗೌಡ್ರ? ಕಿರೀಟಾ ಹುಡುಕಾಕತ್ತಾರ. ಸಿಕ್ಕೇಬಿಡತೈತಿ" ಎಂದು ಅವರು ಮತ್ತೆ ಮೊದಲಿಂದ ಎತ್ತಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಡಾಕ್ಟರರು ಬಂದರು. ಬೆಣ್ಣೆಹಳ್ಳವನ್ನು ಯಾರದೋ ಎಮ್ಮೆಯ ಬೆನ್ನ ಮೇಲೆ ದಾಟಿದ್ದರು. ಎದೆಯತನಕ ಎರೆಮಣ್ಣು, ಒಂದು ಕಾಲಿನಲ್ಲಿ ಬೂಟಿರಲಿಲ್ಲ, ಚೀಲ ತಲೆಯ ಮೇಲಿತ್ತು. ಅಂದು ಮಾಸ್ತರರು ಕಳ್ಳರ ನಾಯಕನ ಮಟ್ಟಿಗೆ ಹೋಗಲಿಲ್ಲ. ರಾಜನ ಮಟ್ಟನ್ನು, ಅಷ್ಟು ಹೊತ್ತು ತಡೆದು ಹಿಡಿದಿದ್ದ ಕೊನೆಯ ಏರಿನೊಂದಿಗೆ, ಗೋದಾಮಿನ ಅರಳೆ ಉದುರುವಂತೆ ಬಾರಿಸಿದರು. ಗೌಡರು ಒಂದು ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಡಾಕ್ಟರರನ್ನು ನೋಡಿದರು.

"ಇಂವಾ ಏನ ರಾಜಾ? ಇಷ್ಟೊತ್ತು ಮಾಡಿ ಮೀಸಿನ ಹಚ್ಚಿಲ್ಲ."

"ಆ ಪೇಟಿ ಬಂದ್ ಮಾಡ್ರಿ ಮೊದಲ" ಎಂದು ಡಾಕ್ಟರರು ಗದರಿದರು. ಇಂಜೆಕ್ಷನ್ ಕೊಟ್ಟು, ಮುಂಜಾನೆಯತನಕ ಅಲ್ಲಿಂದ ಏಳಲಿಲ್ಲ. ಗೌಡರು ಉಳಿದರು.

ಉಳಿದವರು ಸುಮ್ಮನೆ ಊರಿಗೆ ಹೋಗಲಿಲ್ಲ. ಅರ್ಧಕ್ಕೆ ನಿಂತ ಆಟ ಪೂರ್ತಿ ಆಗಬೇಕೆಂದು ಮಾಸ್ತರರ ಹಿಂದೆ ಬಿದ್ದರು. ವಾರ್ಡಿನಲ್ಲಿ ಮಂಗಳವಿಲ್ಲವೆಂದು ನಾನು ಅವರನ್ನೂ ಗದರಿಸಿದೆ. ಹಾಗಾದರೆ ತಾವೇ ಪೇಟಿ ಕಲಿಯುವುದಾಗಿ ಹೇಳಿ, ಸಂತೆಯ ದಿನ ಗಜೇಂದ್ರಗಡಕ್ಕೆ ಹೋಗತೊಡಗಿದರು. ನೇಗಿಲು ಹಿಡಿದ ಬೆರಳು, ಒಂದೊತ್ತಿದರೆ ಪಕ್ಕದ ಸ್ವರವೂ ಜೊತೆಗೇ ಬರುತ್ತಿತ್ತು. ಕೆಲವು ವರ್ಷ ದುಡಿದು ಅವರು ಕಲಿತದ್ದು ಎರಡೇ: ರಾಜನ ಪ್ರವೇಶ, ಮಂಗಳ. ಪ್ರವೇಶದಲ್ಲಿ ಒಂದು ಕಡೆ ಎಡವುತ್ತಿದ್ದರು, ಪ್ರತಿಸಲ ಅಲ್ಲಿಯೇ. "ರಾಜಾಗ ಹೊಸ್ತಿಲಾ ಎಡವೂದು ರೂಢಿ ಆಗೈತ್ರಿ" ಎಂದು ಮಾಸ್ತರರು ನನ್ನ ಮುಂದೆ ನಗುತ್ತಿದ್ದರು.

ಆಮೇಲೆ ಮಾಸ್ತರರಿಗೆ ಕೆಮ್ಮು ಹತ್ತಿತು. ಅಕ್ಕನ ಮನೆ ಸೇರಿದರು. ಪೇಟಿ ಇಲ್ಲದ ವಾರ್ಡು ಶುದ್ಧ ದವಾಖಾನೆಯಾಯಿತು. ಯಾರೂ ಹೊರಗೆ ಹೋಗಿ ಒಳಗೆ ಬರುತ್ತಿರಲಿಲ್ಲ.

ಸುದ್ದಿ ತಂದವನು ಬಸ್ಸಿನ ಕಂಡಕ್ಟರ್. "ಬಾಯಾರ, ಮಾಸ್ತರ ಹ್ವಾದ್ರಂತ. ಲಗೂ ಬರಬೇಕಂತ ಹೊಳೆಮಣ್ಣೂರ ಗೌಡ್ರು ಹೇಳಿ ಕಳಸ್ಯಾರ."

ಇದ್ದ ಸೀರೆಯಲ್ಲೇ ಬಸ್ಸು ಹತ್ತಿದೆ. ಅದು ಸೂಡಿ ದಾಟಿ ಎರೆಮಣ್ಣಿನಲ್ಲಿ ಹೂತು ನಿಂತಿತು. ಎಲ್ಲರೂ ಇಳಿದು ತಳ್ಳಿದೆವು, ಅಲುಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಬಸ್ಸಿನ ಮೇಲೆ ಸಿಟ್ಟು, ಮಳೆಯ ಮೇಲೆ ಸಿಟ್ಟು, ಹೇಳದೆ ಕೇಳದೆ ಹೋದ ಮಾಸ್ತರರ ಮೇಲೂ ಸಿಟ್ಟು. ನನಗೆ ಅವರ ಮುಖ ಒಮ್ಮೆ ನೋಡಬೇಕಿತ್ತು. ಗುಡ್ಡದ ಮೇಲಿನ ಕೋಟೆ ಕಾಣುವ ಹೊತ್ತಿಗೆ ಹೊತ್ತು ವಾಲಿತ್ತು. ಇಷ್ಟರಲ್ಲಿ ಮಣ್ಣಿಗೆ ಒಯ್ದಿರುತ್ತಾರೆ ಎಂದುಕೊಂಡೆ.

ನೇಕಾರ ಓಣಿಯಲ್ಲಿ ಒಂದೂ ಮಗ್ಗದ ಸದ್ದಿರಲಿಲ್ಲ. ಪೇಟಿಯ ಸದ್ದಿತ್ತು. ರಾಜನ ಪ್ರವೇಶ. ಏರಿತು, ಇಳಿಯಿತು, ಅದೇ ಜಾಗದಲ್ಲಿ ಎಡವಿತು, ಮತ್ತೆ ಮೊದಲಿಂದ ಶುರುವಾಯಿತು.

ಕಟ್ಟೆಯ ಮೇಲೆ ಮಾಸ್ತರರನ್ನು ನಮ್ಮ ಕಡೆಯ ಪದ್ಧತಿಯಂತೆ ಕೂರಿಸಿದ್ದರು. ಮೈಮೇಲೆ ಅದೇ ಮಖಮಲ್ಲಿನ ಕೋಟು. ಬೆನ್ನು ಗೋಡೆಗೆ ಒರಗಿತ್ತು. ಮುಂದೆ ಪೇಟಿ ಇಟ್ಟುಕೊಂಡು ಗೌಡರು ಬೆವರುತ್ತ ಬಾರಿಸುತ್ತಿದ್ದರು. ಭಜನೆಗೆ ಬಂದವರು ತಾಳ ಕೆಳಗಿಟ್ಟು ಆಕಳಿಸುತ್ತ ಕೂತಿದ್ದರು.

ಅಕ್ಕ ಎದ್ದು ಬಂದು ನನ್ನ ಕೈ ಹಿಡಿದಳು. "ಮುಂಜಾನಿಂದ ಅದೊಂದ ಬಾರಸಾಕತ್ತಾರವಾ. ಮಂದಿ ಒಯ್ಯೂಣು ಅಂದ್ರ, ಪಾತ್ರಾ ಬಂದಿಲ್ಲ ಅಂತಾರ."

ಗೌಡರು ತಲೆಯೆತ್ತಿ ನನ್ನನ್ನು ನೋಡಿದರು. ನೋಡಿದವರೇ ಬೆನ್ನು ನೆಟ್ಟಗೆ ಮಾಡಿ, ರಾಜನ ಮಟ್ಟಿನ ಕೊನೆಯ ಏರನ್ನು ಬಾರಿಸಿದರು, ಎಡವದೆ. ಓಣಿಯ ಜನವೆಲ್ಲ ತಿರುಗಿ ನೋಡಿತು. ಮೊಳಕಾಲತನಕ ಕೆಸರು, ಕೈಯಲ್ಲಿ ಚಪ್ಪಲಿ, ಕೆದರಿದ ತಲೆ. ಯಾರೋ ನಕ್ಕರು. ನನಗೂ ನಗು ಬಂತು, ಅದರ ಬೆನ್ನಿಗೇ ತಡೆಯಲಾರದ ಅಳು ಬಂತು.

"ಮಾಸ್ತರ ಹೇಳಿ ಹೋಗ್ಯಾರ್ರಿ ಬಾಯಾರ. ಪೇಟಿ ತೂತ ಹಿಡಿದ ಕುಂತ ದಿನಾನ ನೀವು ಪಾತ್ರಾ ಆಗೀರಿ ಅಂತ. ನೀವು ಬರೂತನಕ ಇದನ್ನ ನಿಂದರಸಬಾರದಂತ" ಎಂದರು ಗೌಡರು. ಆಮೇಲೆ, "ಇನ್ನ ಮಂಗಳಾ ಹಚ್ಚಲೇನ್ರಿ?" ಎಂದು ಕೇಳಿದರು.

"ಒಂದೀಟು ಎಳೀರಿ ಗೌಡ್ರ" ಎಂದೆ.

ಅವರು ಎಳೆದರು. ನಾನು ಮಾಸ್ತರರ ಮುಖ ನೋಡುತ್ತ ಕೂತೆ. ಹೊತ್ತು ಮುಳುಗಲು ಬಂದಾಗ ತಲೆಯಾಡಿಸಿದೆ.

ಮಂಗಳವನ್ನು ನಾನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಎಷ್ಟು ಸಣ್ಣ ಪದ ಅದು. ಅಷ್ಟು ವರ್ಷ ಅಷ್ಟು ಜನ ಹೆದರಿದ ಆ ಪದ, ಊದಿನಕಡ್ಡಿಯ ಬೂದಿ ಬೀಳುವಷ್ಟರಲ್ಲಿ ಮುಗಿದುಹೋಯಿತು.

"ಆತ್ರಿ. ಏಳ್ರಿ ಇನ್ನ" ಎಂದರು ಗೌಡರು.

ಓಣಿಯಲ್ಲಿ ಯಾರೂ ಏಳಲಿಲ್ಲ. ಗೌಡರೂ ಏಳಲಿಲ್ಲ.